ಅಷ್ಟಭೋಗದ ಎಂಟನೆಯ ಎಳೆ

ಮಗೂ,

ಹೋದ ಭಾನುವಾರ ನೀನು ಕೊಟ್ಟುಹೋದ ಜಂಟಿ ಅಭಿವೃದ್ಧಿ ಕರಾರಿನ ಕರಡನ್ನು ಎರಡು ಸಲ ಓದಿದೆ. ಚಕ್ಕುಬಂದಿ ಸರಿಯಾಗಿದೆ. ಸರ್ವೆ ನಂಬರು, ವಿಸ್ತೀರ್ಣ, ಖರಾಬು ಎಲ್ಲವೂ ಪಹಣಿಗೆ ತಾಳೆಯಾಗುತ್ತವೆ. ಕಾಗದದಲ್ಲಿ ತಪ್ಪು ಹುಡುಕು ಅಂದಿದ್ದರೆ ಐದು ನಿಮಿಷದಲ್ಲಿ ಹೇಳಿ ಕಳಿಸುತ್ತಿದ್ದೆ. ನೀನು ಕೇಳಿದ್ದು ಬೇರೆ: "ತಾತ, ಸಹಿ ಹಾಕ್ಲಾ, ಬೇಡ್ವಾ?" ಆ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಕೊಟ್ಟಿದ್ದರೆ ನಿನಗೆ ಅನ್ಯಾಯವಾಗುತ್ತಿತ್ತು. ನಲವತ್ತು ವರ್ಷ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಹೊಂಗೆ ಮರದ ನೆರಳಲ್ಲಿ ಕೂತು ಪರರ ಪತ್ರ ಬರೆದ ಕೈ ಇದು. ನಿನಗೂ ಒಂದು ಪತ್ರ ಬರೆಯುತ್ತೇನೆ. ನಮ್ಮ ಸೀಮೆಯಲ್ಲಿ ನಿನ್ನ ವಾರಿಗೆಯ ಹುಡುಗ ಹುಡುಗಿಯರು ಎಷ್ಟೋ ಮಂದಿ ಇಂಥದೇ ಕರಡು ಹಿಡಿದು ಓಡಾಡುತ್ತಿದ್ದಾರೆ. ಅವರಿಗೂ ಓದಿ ಹೇಳು.

ನಾನು ಕಸುಬು ಕಲಿಯುವಾಗ ಕ್ರಯಪತ್ರದ ಕೊನೆಯ ಭಾಗದಲ್ಲಿ ಒಂದು ಮಾತು ತಪ್ಪದೆ ಬರುತ್ತಿತ್ತು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳೂ ಕೊಂಡವನಿಗೆ ಸೇರಿದವು ಎಂದು ಬರೆಯುತ್ತಿದ್ದೆವು. ಈಗಿನ ಕಂಪ್ಯೂಟರ್ ಪತ್ರಗಳಲ್ಲಿ ಅದನ್ನು ಹಾಕುವವರು ಹಾಕುತ್ತಾರೆ, ಬಿಡುವವರು ಬಿಡುತ್ತಾರೆ. ನನಗೆ ಪತ್ರ ಬರೆಯುವುದನ್ನು ಕಲಿಸಿದ ಹಿರಿಯರು ಮಾತ್ರ ಅದನ್ನು ಬಾಯಿಪಾಠ ಮಾಡಿಸಿ, ಅರ್ಥ ಹೇಳಿಸಿ, ಆಮೇಲೆ ಲೇಖನಿ ಕೈಗೆ ಕೊಟ್ಟಿದ್ದರು. ಹೂತಿಟ್ಟ ಹೊನ್ನು ಒಂದು ಭೋಗ, ನೀರು ಒಂದು, ಕಲ್ಲು ಒಂದು. ಈಗ ಕೈಗೆ ಬಂದಿರುವ ಫಲ ಸಿದ್ಧ, ಇನ್ನು ಮುಂದೆ ಆ ನೆಲದಿಂದ ಏನೇನು ಮಾಡಿಕೊಳ್ಳಲು ಬರುತ್ತದೋ ಅದೆಲ್ಲ ಸಾಧ್ಯ. ಜಮೀನಿನ ಒಡೆತನ ಒಂದೇ ಗಟ್ಟಿ ಉಂಡೆಯಲ್ಲ, ಎಂಟು ಎಳೆ ಹೊಸೆದ ಹಗ್ಗ ಎಂಬುದು ನಮ್ಮ ಹಳಬರಿಗೆ ಗೊತ್ತಿತ್ತು.

ಆ ಎಂಟೂ ಎಳೆಗಳನ್ನು ಒಟ್ಟಿಗೆ ಕೊಡುವ ಪತ್ರಗಳನ್ನು ಜೀವಮಾನವಿಡೀ ಬರೆದೆ. ಒಂದೇ ಒಂದನ್ನು ಬಿಡಿಸಿ ಕೊಟ್ಟು, ಉಳಿದ ಏಳನ್ನು ಮನೆಯಲ್ಲೇ ಇಟ್ಟುಕೊಳ್ಳುವ ಪತ್ರವನ್ನು ಮೊದಲ ಬಾರಿ ನೋಡಿದ್ದು ಅರವತ್ತೆಂಟನೇ ವಯಸ್ಸಿನಲ್ಲಿ, ಅದೂ ಅಮೆರಿಕದಲ್ಲಿ.

2016ರಲ್ಲಿ ನಿನ್ನ ಅತ್ತೆಯ ಮನೆಯಲ್ಲಿ ಐದು ತಿಂಗಳಿದ್ದೆನಲ್ಲ, ಮೇರಿಲ್ಯಾಂಡಿನ ಜರ್ಮನ್‌ಟೌನ್‌ನಲ್ಲಿ. ವಾಷಿಂಗ್ಟನ್ ಅಲ್ಲಿಂದ ಹತ್ತಿರ. ಸುತ್ತ ಎಲ್ಲಿ ನೋಡಿದರೂ ಒಂದೇ ಅಚ್ಚಿನ ಮನೆಗಳು, ಅಗಲದ ರಸ್ತೆಗಳು. ಒಂದು ದಿನ ಅಳಿಯಂದಿರು ಪೂಲ್ಸ್‌ವಿಲ್ ಕಡೆಗೆ ಕಾರಿನಲ್ಲಿ ಕರೆದುಕೊಂಡು ಹೋದರು. ಒಂದು ಕಡೆ ಮನೆಗಳು ನಿಂತುಹೋದವು. ತೆಳ್ಳಗಾಗುತ್ತಾ ಬಂದು ಮುಗಿದದ್ದಲ್ಲ, ಗೆರೆ ಕೊಯ್ದ ಹಾಗೆ ನಿಂತವು. ಆಚೆಗೆ ಮುಸುಕಿನ ಜೋಳ, ಸೋಯಾ, ಹುಲ್ಲುಗಾವಲು. ದೇಶದ ರಾಜಧಾನಿಯ ಮಗ್ಗುಲಲ್ಲಿ ಇಷ್ಟು ಬಯಲು ಹೇಗೆ ಉಳಿಯಿತು, ಅಲ್ಲಿನವರಿಗೆ ದುಡ್ಡಿನ ಆಸೆ ಇಲ್ಲವೆ ಎಂದು ಅಳಿಯಂದಿರನ್ನು ಕೇಳಿದೆ. ಮನೆಗೆ ಬಂದು ಅವರು ಹುಡುಕಿ ಓದಿ ಹೇಳಿದರು, ಆಮೇಲೆ ನಾನೇ ಬೆನ್ನು ಹತ್ತಿದೆ.

ಈ ಊರುಗಳು ಸೇರಿದ ಮಾಂಟ್ಗೊಮರಿ ಕೌಂಟಿ, ನಮ್ಮ ಜಿಲ್ಲೆಯಂಥದು, 1980ರಲ್ಲಿ ಸುಮಾರು 93,000 ಎಕರೆಯನ್ನು, ಅಂದರೆ ಇಡೀ ಕೌಂಟಿಯ ಮೂರನೇ ಒಂದು ಭಾಗವನ್ನು, ಕೃಷಿ ಮೀಸಲು ಎಂದು ಗುರುತಿಸಿತು. ಅಲ್ಲಿಯವರೆಗೆ ಐದು ಎಕರೆಗೆ ಒಂದು ಮನೆ ಕಟ್ಟಬಹುದಿತ್ತು, ಅದನ್ನು ಇಪ್ಪತ್ತೈದು ಎಕರೆಗೆ ಒಂದಕ್ಕೆ ಇಳಿಸಿದರು. ಬರೀ ಇಳಿಸಿದ್ದರೆ ರೈತನ ಹೊಟ್ಟೆಗೆ ಹೊಡೆದಂತಾಗುತ್ತಿತ್ತು. ಅದಕ್ಕೇ ಪ್ರತಿ ಐದು ಎಕರೆಗೆ ಒಂದರಂತೆ ಕಟ್ಟುವ ಹಕ್ಕನ್ನು ಬೇರ್ಪಡಿಸಿ ಮಾರಿಕೊಳ್ಳಲು ಅವನಿಗೆ ಅವಕಾಶ ಕೊಟ್ಟರು. ಊರು ಬೆಳೆಯಬೇಕೆಂದು ಗುರುತಿಸಿದ ಜಾಗದಲ್ಲಿ ಹೆಚ್ಚು ಮನೆ ಕಟ್ಟಬೇಕೆನ್ನುವ ಬಿಲ್ಡರ್ ಈ ಹಕ್ಕನ್ನು ರೈತನಿಂದ ಕೊಳ್ಳಬೇಕು. ನೆಲ ರೈತನ ಬಳಿಯೇ ಉಳಿಯಿತು, ದುಡ್ಡೂ ಬಂತು. ಬೆಂಗಳೂರಿನಲ್ಲಿ ರಸ್ತೆ ಅಗಲ ಮಾಡಲು ಜಾಗ ಬಿಟ್ಟವರಿಗೆ ಟಿಡಿಆರ್, ಅಂದರೆ ಬೇರೆಯವರಿಗೆ ವರ್ಗಾಯಿಸಬಹುದಾದ ಕಟ್ಟುವ ಹಕ್ಕು, ಕೊಡುತ್ತಾರಲ್ಲ, ಅದೂ ಇದೇ ಬೀಜ. ನಾವು ಅದನ್ನು ರಸ್ತೆಗೆ ಬಿತ್ತಿದೆವು, ಅವರು ಹೊಲ ಉಳಿಸುವುದಕ್ಕೆ ಬಿತ್ತಿದರು.

ಅಷ್ಟಕ್ಕೇ ನನಗೆ ಸಮಾಧಾನವಾಗಲಿಲ್ಲ. ಮುಂದಿನ ತಿಂಗಳು ಪೆನ್ಸಿಲ್ವೇನಿಯಾದ ಲ್ಯಾಂಕ್ಯಾಸ್ಟರ್ ಕೌಂಟಿಗೆ ಹೋಗಿ ಬಂದೆವು. ಕುದುರೆ ಗಾಡಿ ಹೊಡೆಯುವ, ಹೇಸರಗತ್ತೆ ಕಟ್ಟಿ ಉಳುವ ಆಮಿಶ್ ಜನರ ಸೀಮೆ ಅದು. ಕಾಲುವೆ ನೀರಾವರಿಯಿಲ್ಲದೆ, ಬಿದ್ದ ಮಳೆಯಲ್ಲೇ ಅಷ್ಟು ಫಲ ಕೊಡುವ ನೆಲ ಅಮೆರಿಕದಲ್ಲಿ ಮತ್ತೊಂದಿಲ್ಲ ಎನ್ನುತ್ತಾರೆ. ನಮ್ಮ ಖುಷ್ಕಿಯವರಿಗೆ ಆ ಮಾತಿನ ಬೆಲೆ ಗೊತ್ತು. ರಸ್ತೆ ಬದಿಯ ಹೊಲಗಳ ಮುಂದೆ, ಈ ಕೃಷಿಭೂಮಿ ಶಾಶ್ವತವಾಗಿ ಉಳಿಸಿದ್ದು ಎಂದು ಬರೆದ ಸಣ್ಣ ಫಲಕಗಳನ್ನು ಕಂಡೆ. ನಮ್ಮಲ್ಲಿ ಹೊಲದ ಮುಂದೆ ಫಲಕ ಬಿದ್ದರೆ ಅದು ಲೇಔಟಿನದೇ ಆಗಿರುತ್ತದೆ.

ಅಲ್ಲಿನ ಪತ್ರಗಳು ನಮ್ಮ ಪತ್ರಗಳಂತೆಯೇ ನೋಂದಣಿಯಾಗುತ್ತವೆ, ಯಾರು ಬೇಕಾದರೂ ನೋಡಬಹುದು. ನಿನ್ನ ಅತ್ತೆ ಒಂದನ್ನು ತೆಗೆಸಿ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದಳು. ಕನ್ಸರ್ವೇಶನ್ ಈಸ್‌ಮೆಂಟ್ ಅಂತ ಅದರ ಹೆಸರು. ಈಸ್‌ಮೆಂಟ್ ಅನ್ನುವುದು ನಮಗೆ ಹೊಸ ಮಾತಲ್ಲ. ಹಿಂದಿನ ಹೊಲದವನಿಗೆ ಮುಂದಿನ ಹೊಲದಲ್ಲಿ ಗಾಡಿ ದಾರಿ ಬಿಡುತ್ತೇವೆ, ಮೇಲಿನವನ ನೀರು ಕೆಳಗಿನವನ ಕಾಲುವೆಯಲ್ಲಿ ಹಾಯಲು ಬಿಡುತ್ತೇವೆ, ಅದು ಆ ಹಕ್ಕು. ಈ ಪತ್ರದಲ್ಲಿ ರೈತ ಬಿಟ್ಟುಕೊಟ್ಟದ್ದು ದಾರಿಯನ್ನಲ್ಲ, ಕಟ್ಟುವ ಹಕ್ಕನ್ನು. ಜಮೀನನ್ನು ಸೈಟುಗಳಾಗಿ ಒಡೆಯುವಂತಿಲ್ಲ. ಮೇಲ್ಮಣ್ಣು ತೆಗೆದು ಮಾರುವಂತಿಲ್ಲ. ಕೊಟ್ಟಿಗೆ, ಕಣಜ, ಬೇಸಾಯಕ್ಕೆ ಬೇಕಾದ ಕಟ್ಟಡ ಕಟ್ಟಿಕೊಳ್ಳಬಹುದು. ಮಾರಬಹುದು, ದಾನ ಕೊಡಬಹುದು, ಮಕ್ಕಳಿಗೆ ಬಿಡಬಹುದು, ಅಡವಿಟ್ಟು ಸಾಲವನ್ನೂ ಎತ್ತಬಹುದು. ಯಾರ ಕೈಗೆ ಹೋದರೂ ಈ ಷರತ್ತು ಜಮೀನಿನ ಜೊತೆಗೇ ಹೋಗುತ್ತದೆ. ಬಿಟ್ಟುಕೊಟ್ಟ ಹಕ್ಕು ಕೌಂಟಿಯ ಹತ್ತಿರವೋ ಒಂದು ಟ್ರಸ್ಟಿನ ಹತ್ತಿರವೋ ಇರುತ್ತದೆ. ಅವರೂ ಅಲ್ಲಿ ಕಟ್ಟುವಂತಿಲ್ಲ. ಅವರ ಕೆಲಸ ಕಾಯುವುದು. ಆಗಾಗ ಬಂದು ಹೊಲ ನೋಡುತ್ತಾರೆ, ಷರತ್ತು ಮುರಿದಿದ್ದರೆ ಕೋರ್ಟಿಗೆ ಹೋಗುತ್ತಾರೆ.

ಅದನ್ನು ಕೇಳುತ್ತಾ ಕೂತಾಗ ನಮ್ಮ ಕಡೆಯ ಕಲ್ಲು ಶಾಸನಗಳು ನೆನಪಾದವು. ಕೆರೆ ಕಟ್ಟಿಸಿ, ಆ ಕೆರೆಯನ್ನು ನೋಡಿಕೊಳ್ಳುವುದಕ್ಕೆಂದು ಗದ್ದೆ ಬಿಟ್ಟು, ಅದನ್ನು ಕೊಡಗಿ ಎಂದು ಕರೆದು, ಸೂರ್ಯಚಂದ್ರರಿರುವ ತನಕ ನಡೆಯಲಿ ಎಂದು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಅಳುಪಿದವನಿಗೆ ಶಾಪ ಹಾಕುತ್ತಿದ್ದರು. ಒಂದು ನೆಲವನ್ನು ಒಂದು ಕೆಲಸಕ್ಕೆಂದು ಎಂದೆಂದಿಗೂ ಕಟ್ಟಿಹಾಕುವ ಯೋಚನೆ ಪರದೇಶದ್ದಲ್ಲ, ಮಗೂ. ಶಾಪ ನಂಬುವವರು ಇಲ್ಲವಾದರು, ಅದರ ಜಾಗಕ್ಕೆ ವರ್ಷಕ್ಕೊಮ್ಮೆ ಬಂದು ನೋಡುವ ಟ್ರಸ್ಟನ್ನು ನಾವು ತರಲಿಲ್ಲ. ನಮ್ಮ ಕೆರೆಯಂಗಳಗಳು ಹೋದದ್ದು ಹಾಗೆ.

ಈಗ ದುಡ್ಡಿನ ಮಾತಿಗೆ ಬರುತ್ತೇನೆ. ನಿನ್ನ ಮನಸ್ಸಿನಲ್ಲಿರುವುದು ಅದೇ, ಅದರಲ್ಲಿ ತಪ್ಪೇನೂ ಇಲ್ಲ.

ಲೆಕ್ಕಕ್ಕೆ ಅಂತ ಇಟ್ಟುಕೋ, ಎಕರೆಗೆ ಇಂದು ಒಂದು ಕೋಟಿ ಕೇಳುತ್ತಾರೆ. ರಾಗಿ, ತರಕಾರಿ, ಹಸು ಇವುಗಳ ದುಡಿಮೆಯನ್ನಷ್ಟೇ ನೋಡಿ ಕೊಳ್ಳುವ ರೈತ ಇಪ್ಪತ್ತು ಲಕ್ಷ ಕೊಟ್ಟಾನು. ನಡುವಿನ ಎಂಬತ್ತು ಲಕ್ಷ ಮಣ್ಣಿನ ಬೆಲೆಯಲ್ಲ, ಅಷ್ಟಭೋಗದ ಎಂಟನೆಯ ಎಳೆಯ ಬೆಲೆ, ಸಾಧ್ಯದ ಬೆಲೆ. ಅಮೆರಿಕದಲ್ಲಿ ಮೌಲ್ಯಮಾಪಕರು ಈ ಎರಡನ್ನೂ ಬೇರೆ ಬೇರೆ ಅಳೆದು, ಆ ವ್ಯತ್ಯಾಸವನ್ನು ಈಸ್‌ಮೆಂಟಿನ ಬೆಲೆ ಎಂದು ಬರೆಯುತ್ತಾರೆ. ಸರ್ಕಾರ ಕೊಳ್ಳುವಾಗ ಅದರಲ್ಲಿ ಒಂದು ಪಾಲು ಕೊಡುತ್ತದೆ, ಪೂರ್ತಿ ಎಲ್ಲ ಕಡೆಯೂ ಸಿಗುವುದಿಲ್ಲ. ದಾನವಾಗಿ ಬಿಟ್ಟುಕೊಟ್ಟ ರೈತನಿಗೆ ಆದಾಯ ತೆರಿಗೆಯಲ್ಲಿ ಹದಿನೈದು ವರ್ಷದವರೆಗೆ ಮುಂದೂಡಿಕೊಂಡು ಹೋಗಬಹುದಾದ ವಿನಾಯಿತಿ ಉಂಟು.

ಹೀಗೆ ಕೊಳ್ಳುವುದನ್ನು ಮೊದಲು ಶುರು ಮಾಡಿದ್ದು ನ್ಯೂಯಾರ್ಕಿನ ಪಕ್ಕದ ಲಾಂಗ್ ಐಲೆಂಡಿನಲ್ಲಿ. ಆಲೂಗಡ್ಡೆ ಹೊಲಗಳು ಒಂದೊಂದಾಗಿ ಬಡಾವಣೆಯಾಗುತ್ತಿದ್ದಾಗ, ಸಫೊಕ್ ಕೌಂಟಿಯ ಆಡಳಿತ ನಡೆಸುತ್ತಿದ್ದ ಜಾನ್ ಕ್ಲೈನ್ ಎಂಬವರ ಮುಂದಾಳತ್ವದಲ್ಲಿ 1974ರಲ್ಲಿ ಅದಕ್ಕೆ ಕಾನೂನಾಯಿತು. ಇಸವಿ ನೋಡು. ಅದೇ 1974ರಲ್ಲಿ ನಮ್ಮಲ್ಲಿ ದೇವರಾಜ ಅರಸರ ಸರ್ಕಾರ ಗೇಣಿ ಪದ್ಧತಿಯನ್ನು ರದ್ದು ಮಾಡಿ ಉಳುವವನನ್ನು ಒಡೆಯನನ್ನಾಗಿ ಮಾಡಿತು. ನಿನ್ನ ಮುತ್ತಾತನಿಗೆ ಈ ಆರು ಎಕರೆ ಬಂದದ್ದು ಆಗ. ಅದಕ್ಕೆ ಅವರು ಹಾಕಿದ ಅರ್ಜಿ, ಫಾರಂ 7ನ್ನು, ತುಂಬಿದ್ದು ನಾನು. ನನಗಾಗ ಇಪ್ಪತ್ತಾರು ವರ್ಷ. ಭೂನ್ಯಾಯ ಮಂಡಳಿಯವರು, ಈ ನೆಲವನ್ನು ಎಷ್ಟು ವರ್ಷದಿಂದ ಉಳುತ್ತಿದ್ದೀಯ ಅಂತ ಕೇಳಿದಾಗ ನಮ್ಮಪ್ಪ ಅಂಗೈ ತೋರಿಸಿದರು. ಆಮೇಲೆ ಬಂದ ಹಕ್ಕುಪತ್ರ, ಫಾರಂ 10, ಈಗಲೂ ನನ್ನ ಟ್ರಂಕಿನಲ್ಲಿದೆ. ಹಾಗೆ ಬಂದ ಜಮೀನನ್ನು ಹದಿನೈದು ವರ್ಷ ಮಾರಕೂಡದು ಎಂಬ ಕಟ್ಟು ಕಾನೂನಿನಲ್ಲೇ ಇತ್ತು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರಕೂಡದು ಎಂದು 1978ರ ಪಿಟಿಸಿಎಲ್ ಕಾಯ್ದೆ ಇಂದಿಗೂ ಹೇಳುತ್ತದೆ. ನೆಲಕ್ಕೆ ಷರತ್ತು ಅಂಟಿಸುವುದು ನಮ್ಮ ಕಂದಾಯ ಇಲಾಖೆಗೆ ಗೊತ್ತಿರುವ ಕೆಲಸ. ರೈತ ತಾನಾಗಿ, ಬೆಲೆ ಪಡೆದು ಹಾಕಿಕೊಳ್ಳುವ ಷರತ್ತಿಗೆ ಮಾತ್ರ ಇಲ್ಲಿ ದಾರಿ ಮಾಡಿಲ್ಲ.

ಪೆನ್ಸಿಲ್ವೇನಿಯಾದವರು 1987ರಲ್ಲಿ ಜನರ ಮುಂದೆಯೇ ಮತಕ್ಕೆ ಹಾಕಿ, ಹತ್ತು ಕೋಟಿ ಡಾಲರ್ ಸಾಲ ಎತ್ತಿ ಹೊಲ ಉಳಿಸಲು ಒಪ್ಪಿಗೆ ಪಡೆದರು. ಆಮೇಲೆ ಸಿಗರೇಟಿನ ತೆರಿಗೆಯಲ್ಲಿ ಒಂದು ಪಾಲನ್ನು ಅದಕ್ಕೆಂದೇ ತೆಗೆದಿಟ್ಟರು. ಇವತ್ತಿಗೆ ಆ ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಹಿಡುವಳಿಗಳು, ಆರು ಲಕ್ಷ ಎಕರೆಗೂ ಮಿಕ್ಕ ನೆಲ ಹೀಗೆ ಉಳಿದಿದೆ. ಲ್ಯಾಂಕ್ಯಾಸ್ಟರ್ ಒಂದರಲ್ಲೇ ಲಕ್ಷ ಎಕರೆಗೂ ಮೇಲೆ. ಆಮಿಶರು ಸರ್ಕಾರದ ದುಡ್ಡು ಮುಟ್ಟಲು ಹಿಂಜರಿಯುತ್ತಾರೆ. ಅವರಂಥವರಿಗೂ ದಾರಿಯಿರಲಿ ಎಂದು 1988ರಲ್ಲಿ ಅಲ್ಲೇ ಒಂದು ಖಾಸಗಿ ಟ್ರಸ್ಟು ಹುಟ್ಟಿಕೊಂಡಿತು.

ಆ ದುಡ್ಡನ್ನು ಅಲ್ಲಿನ ರೈತರು ಏನು ಮಾಡುತ್ತಾರೆ ಎಂದು ವಿಚಾರಿಸಿದೆ. ಕೆಲವರು ಸಾಲ ತೀರಿಸುತ್ತಾರೆ, ಕೆಲವರು ಕೊಟ್ಟಿಗೆ ಕಟ್ಟಿಸುತ್ತಾರೆ. ನನ್ನ ಮನಸ್ಸಿನಲ್ಲಿ ಕೂತದ್ದು ಮೂರನೆಯದು. ಬೇಸಾಯ ಮಾಡುವ ಮಗ ಅಥವಾ ಮಗಳು ಊರು ಬಿಟ್ಟ ಅಣ್ಣತಮ್ಮಂದಿರು, ಅಕ್ಕತಂಗಿಯರಿಗೆ ಅವರ ಪಾಲಿನ ಹಣ ಕೊಟ್ಟು, ಜಮೀನನ್ನು ಒಡೆಯದೆ ಇಟ್ಟುಕೊಳ್ಳುವುದು. ನನ್ನ ಕಸುಬಿನಲ್ಲಿ ನಾನು ಕಂಡ ಜಮೀನು ಮಾರಾಟಗಳಲ್ಲಿ ಅರ್ಧಕ್ಕೂ ಹೆಚ್ಚು ಆಸೆಯಿಂದ ಆದವಲ್ಲ. ಪಾಲಿನ ಜಗಳ ಬಗೆಹರಿಯದೆ, ಮಾರಿ ದುಡ್ಡು ಹಂಚಿಕೊಳ್ಳೋಣ ಎಂಬ ಆಯಾಸದಿಂದ ಆದವು. ಎಂಟನೆಯ ಎಳೆಗೆ ಒಂದು ನ್ಯಾಯವಾದ ಬೆಲೆ ಸಿಕ್ಕಿದ್ದರೆ ಆ ಮನೆಗಳಲ್ಲಿ ಹಗ್ಗ ತುಂಡಾಗುತ್ತಿರಲಿಲ್ಲ.

ನಿನ್ನ ಅಜ್ಜನ, ಅಂದರೆ ನನ್ನ ಅಣ್ಣನ, ವಿಷಯ ಹೇಳಬೇಕು. ನೀನು ಅದನ್ನು ಅರ್ಧ ಮಾತ್ರ ಕೇಳಿದ್ದೀಯ. 2007ರಲ್ಲಿ, ಮರುವರ್ಷ ವಿಮಾನ ನಿಲ್ದಾಣ ಶುರುವಾಗುತ್ತದೆ ಅನ್ನುವಾಗ, ಅಣ್ಣ ತನ್ನ ಪಾಲಿನಲ್ಲಿ ಹಳ್ಳದ ಪಕ್ಕದ ಎರಡು ಎಕರೆ ಮಾರಿದ. ನಿಮ್ಮಪ್ಪನ ಕಾಲೇಜಿನ ಖರ್ಚಿತ್ತು, ನಾಲ್ಕು ಬೋರ್‌ವೆಲ್ ಕೊರೆಸಿ ನಾಲ್ಕೂ ಒಣಗಿದ ಸಾಲವಿತ್ತು. ಅವನನ್ನು ನಾನು ಯಾವತ್ತೂ ದೂರಿಲ್ಲ. ಆ ಕ್ರಯಪತ್ರ ಬರೆದದ್ದೂ ನಾನೇ. ಕೊಂಡವರು ಅಲ್ಲಿ ಲೇಔಟ್ ಮಾಡಿದರು, ಮಣ್ಣು ಹೊಡೆದು ನಾಲ್ಕಡಿ ಎತ್ತರಿಸಿದರು. ಹಳ್ಳಕ್ಕೆ ಹೋಗುತ್ತಿದ್ದ ಮಳೆನೀರು ಪಕ್ಕದವರ ದ್ರಾಕ್ಷಿ ತೋಟದಲ್ಲಿ ನಿಂತಿತು. ಎರಡು ವರ್ಷದಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಯ ಬೇರು ಕೊಳೆತು ಹೋಯಿತು. ಅವರು ಮಾರಿದರು. ಅದರಾಚೆಯವರಿಗೆ ಟ್ರ್ಯಾಕ್ಟರ್ ಹೋಗುವ ದಾರಿ ಮುಚ್ಚಿತು, ಅವರು ಮಾರಿದರು. ಅದರಾಚೆಯವರು ಔಷಧಿ ಸಿಂಪಡಿಸಿದರೆ ಹೊಸ ಮನೆಗಳವರು ಪೊಲೀಸರನ್ನು ಕರೆಸಿದರು, ಅವರೂ ಮಾರಿದರು. ಎಂಟು ವರ್ಷದಲ್ಲಿ ಹನ್ನೊಂದು ಸರ್ವೆ ನಂಬರು ಹೋದವು. ಅದರಲ್ಲಿ ಏಳಕ್ಕೆ ಪತ್ರ ಬರೆದವನು ನಾನು. ರಾತ್ರಿ ಆ ಏಳೂ ಪತ್ರಗಳ ಚಕ್ಕುಬಂದಿ ನನಗೆ ಬಾಯಿಗೆ ಬರುತ್ತದೆ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಇಂಥವರ ಜಮೀನು ಎಂದು ಬರೆದಿದ್ದೆ. ಈಗ ನಾಲ್ಕು ದಿಕ್ಕಿನಲ್ಲೂ ಕಾಂಪೌಂಡು.

ಒಂಟಿ ಹೊಲ ಉಳಿಯುವುದಿಲ್ಲ. ಇದನ್ನು ಲ್ಯಾಂಕ್ಯಾಸ್ಟರಿನವರು ನಮಗಿಂತ ಮೊದಲು ತಿಳಿದುಕೊಂಡರು. ಈಗಾಗಲೇ ಉಳಿಸಿದ ಹೊಲಕ್ಕೆ ತಾಗಿರುವ ಹೊಲಕ್ಕೇ ಹಣ ಕೊಡುವಾಗ ಹೆಚ್ಚು ಒಲವು ತೋರುತ್ತಾರೆ. ಹೊಲಗಳ ದೊಡ್ಡ ಹಾಸು ಉಳಿದರೆ ಗೊಬ್ಬರದ ಅಂಗಡಿ ಉಳಿಯುತ್ತದೆ, ಟ್ರ್ಯಾಕ್ಟರ್ ರಿಪೇರಿಯವನು ಉಳಿಯುತ್ತಾನೆ, ಹಾಲಿನ ಡೇರಿ ಉಳಿಯುತ್ತದೆ. ಹಾಸು ಹರಿದರೆ ಉಳಿದ ತುಂಡುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ.

ಅಲ್ಲಿ ಎಲ್ಲವೂ ಚಿನ್ನ ಎಂದು ನಾನು ಹೇಳಿದರೆ ನಿನಗೆ ಮೋಸ ಮಾಡಿದಂತೆ. ಹೂಡಿಕೆದಾರರನ್ನು ಒಟ್ಟುಹಾಕಿ, ಬೇಸಾಯಕ್ಕೂ ಬಾರದ ನೆಲಕ್ಕೆ ಎರಡು ಪಟ್ಟು, ಹತ್ತು ಪಟ್ಟು ಬೆಲೆ ಕಟ್ಟಿಸಿ, ಈಸ್‌ಮೆಂಟ್ ದಾನದ ಹೆಸರಿನಲ್ಲಿ ತೆರಿಗೆ ನುಂಗಿದವರೂ ಅಲ್ಲಿದ್ದರು. ಹೂಡಿದ ಹಣದ ಎರಡೂವರೆ ಪಟ್ಟು ಮೀರಿದ ಇಂಥ ವಿನಾಯಿತಿಗೆ 2022ರಲ್ಲಿ ಅಲ್ಲಿನ ಸಂಸತ್ತು ತಡೆ ಹಾಕಬೇಕಾಯಿತು. ಇನ್ನೊಂದು ಕೊರತೆ ನಮಗೆ ಹೆಚ್ಚು ಮುಖ್ಯವಾದದ್ದು. ಕಟ್ಟಕೂಡದು ಎಂದಷ್ಟೇ ಬರೆದರೆ ಹೊಲ ಖಾಲಿ ಉಳಿಯುತ್ತದೆ, ಬೇಸಾಯ ಉಳಿಯುತ್ತದೆ ಎಂಬ ಭರವಸೆಯಿಲ್ಲ. ಶ್ರೀಮಂತರು ಕೊಂಡು, ಮಧ್ಯದಲ್ಲಿ ಇರುವ ಮನೆಯನ್ನು ಬಂಗಲೆ ಮಾಡಿ, ಸುತ್ತ ಹುಲ್ಲು ಬೆಳೆಸಿ ಕೂತರೆ ಷರತ್ತು ಮುರಿದಂತಾಗುವುದಿಲ್ಲ, ಆದರೆ ಉಳುವವನಿಗೆ ಆ ನೆಲ ದಕ್ಕುವುದಿಲ್ಲ. ಅದಕ್ಕೇ ವರ್ಮಾಂಟ್, ಮ್ಯಾಸಚೂಸೆಟ್ಸ್‌ನವರು ಪತ್ರದಲ್ಲಿ ಇನ್ನೊಂದು ಕಲಮು ಸೇರಿಸಿದರು: ಜಮೀನು ಬೇಸಾಯಗಾರನಲ್ಲದವನ ಪಾಲಾಗುವಂತಿದ್ದರೆ ಕೃಷಿಯ ಬೆಲೆಗೇ ಕೊಳ್ಳುವ ಹಕ್ಕು ಈಸ್‌ಮೆಂಟ್ ಹಿಡಿದವರಿಗೆ ಇರುತ್ತದೆ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಬೇಸಾಯ ನಡೆಯಲೇಬೇಕು ಎಂದೇ ಬರೆಯಿಸಿಕೊಳ್ಳುತ್ತಾರೆ.

ಆ ಮರಿನ್ ಕೌಂಟಿಯ ಕತೆ ನಾನು ಓದಿ ತಿಳಿದದ್ದು. ಸ್ಯಾನ್ ಫ್ರಾನ್ಸಿಸ್ಕೊದ ಸೇತುವೆ ದಾಟಿದರೆ ಸಿಗುವ ಹುಲ್ಲುಗುಡ್ಡಗಳ ಸೀಮೆ, ಹಾಲಿನ ಸೀಮೆ. ಅಲ್ಲಿ ಲಕ್ಷಕ್ಕೂ ಹೆಚ್ಚು ಜನರ ಹೊಸ ಊರು ಕಟ್ಟುವ ಯೋಜನೆ 1960ರ ದಶಕದಲ್ಲಿ ತಯಾರಾಗಿತ್ತು. ಹಸು ಸಾಕುವವರು, ಇನ್ನೇನು ಮಾರಿಬಿಡುವುದೇ, ಎಂದು ಹಟ್ಟಿಗೆ ಬಣ್ಣ ಬಳಿಯುವುದನ್ನೂ ನಿಲ್ಲಿಸಿಬಿಡುವ ಕಾಲ ಅದು. 1980ರಲ್ಲಿ ಇಬ್ಬರು ಹೆಂಗಸರು, ಹಸು ಸಾಕುವ ಎಲೆನ್ ಸ್ಟ್ರಾಸ್ ಮತ್ತು ಜೀವವಿಜ್ಞಾನಿ ಫಿಲಿಸ್ ಫೇಬರ್, ಕೃಷಿಭೂಮಿಗೆಂದೇ ಒಂದು ಟ್ರಸ್ಟು ಕಟ್ಟಿದರು. ಎಲೆನ್ ಹುಟ್ಟಿದ್ದು ಆಮ್‌ಸ್ಟರ್‌ಡಾಮಿನಲ್ಲಿ, ನಾಜಿಗಳ ದೆಸೆಯಿಂದ ಊರು ಬಿಟ್ಟು ಬಂದ ಮನೆತನ. ನೆಲ ಕಳೆದುಕೊಳ್ಳುವುದೆಂದರೆ ಏನೆಂದು ತಿಳಿದವರು. ಅವರ ಮಗ 1994ರಲ್ಲಿ ಅದೇ ಹುಲ್ಲುಗಾವಲಿನ ಮೇಲೆ ಸಾವಯವ ಹಾಲಿನ ಉದ್ಯಮ ಶುರು ಮಾಡಿದ. ಆ ಟ್ರಸ್ಟು ಈವರೆಗೆ ಐವತ್ತು ಸಾವಿರ ಎಕರೆಗೂ ಹೆಚ್ಚು ನೆಲ ಉಳಿಸಿದೆ. ಇಷ್ಟೆಲ್ಲ ಇದ್ದೂ ಆ ದೇಶ ಕಳೆದುಕೊಂಡದ್ದು ಕಡಿಮೆಯಲ್ಲ. 2001ರಿಂದ 2016ರವರೆಗೆ ಕೃಷಿ ಮತ್ತು ಹುಲ್ಲುಗಾವಲಿನ ನೆಲದಲ್ಲಿ 1 ಕೋಟಿ 10 ಲಕ್ಷ ಎಕರೆ ಮನೆ, ರಸ್ತೆ, ಕಟ್ಟಡಗಳ ಪಾಲಾಯಿತು ಎಂದು ಅಲ್ಲಿನ ಅಮೆರಿಕನ್ ಫಾರ್ಮ್‌ಲ್ಯಾಂಡ್ ಟ್ರಸ್ಟ್ ಲೆಕ್ಕ ಕೊಟ್ಟಿದೆ. ಉಳಿಸುವ ಕೈಗಿಂತ ಕಟ್ಟುವ ಕೈ ವೇಗದ್ದು, ಎಲ್ಲ ಕಡೆಯೂ.

ನೀನು ಕೇಳುತ್ತೀಯ, ನಾಳೆ ಹುಟ್ಟುವವರ ಕೈ ಕಟ್ಟುವುದಕ್ಕೆ ನಾವು ಯಾರು ಅಂತ. ಒಳ್ಳೆಯ ಪ್ರಶ್ನೆ. ಅಷ್ಟೇ ಒಳ್ಳೆಯ ಇನ್ನೊಂದು ಪ್ರಶ್ನೆಯನ್ನು ಆ ಕರಡಿಗೂ ಕೇಳು. ಆರು ಎಕರೆ ಮೇಲೆ ನಾಲ್ಕು ಟವರು ಎದ್ದರೆ ನಿನ್ನ ಮೊಮ್ಮಗಳು ಅದನ್ನು ಕೆಡವಿ ಹುರುಳಿ ಬಿತ್ತುವುದಿದೆಯೆ? ಅದೂ ಆಚಂದ್ರಾರ್ಕವೇ. ಶಾಶ್ವತವಾದ ತೀರ್ಮಾನ ಎರಡು ಕಡೆಯೂ ಇದೆ. ಒಂದನ್ನು ಮಾತ್ರ ಶಾಶ್ವತ ಎಂದು ಕರೆದು ಹೆದರಿಸುತ್ತಾರೆ.

ಇಲ್ಲಿ ನಮ್ಮ ಕೈಯಲ್ಲಿ ಏನಿದೆ? ಅಮೆರಿಕದ ಪತ್ರವನ್ನು ಅನುವಾದಿಸಿ ನೋಂದಣಿ ಮಾಡಿಸಿದರೆ ನಿಲ್ಲುವುದಿಲ್ಲ. ನಮ್ಮ ಈಸ್‌ಮೆಂಟ್ ಕಾಯ್ದೆ 1882ರದು. ಆ ಹಕ್ಕು ಒಂದು ಜಮೀನಿನ ಅನುಕೂಲಕ್ಕಾಗಿ ಇನ್ನೊಂದು ಜಮೀನಿನ ಮೇಲೆ ಇರಬೇಕು ಎನ್ನುತ್ತದೆ ಅದು. ಪಕ್ಕದಲ್ಲಿ ನೆಲವೇ ಇಲ್ಲದ ಟ್ರಸ್ಟು ನಿನ್ನ ಹೊಲದ ಮೇಲೆ ಇಂಥ ಹಕ್ಕು ಹಿಡಿಯಲು ಬರುವುದಿಲ್ಲ. ಅಮೆರಿಕದಲ್ಲೂ ಹಳೆಯ ಕಾನೂನು ಹೀಗೇ ಇತ್ತು, ಒಂದೊಂದಾಗಿ ರಾಜ್ಯಗಳು ಹೊಸ ಕಾಯ್ದೆ ಮಾಡಿ ಅದನ್ನು ಸಡಿಲಿಸಿದವು. ಆಸ್ತಿ ವರ್ಗಾವಣೆ ಕಾಯ್ದೆಯೂ ಅದೇ 1882ರದೇ. ಯಾರಿಗೂ ಮಾರಲೇಕೂಡದು ಎಂಬ ಷರತ್ತು ಹಾಕಿ ಕೊಟ್ಟರೆ ಆ ಷರತ್ತು ನಿಲ್ಲುವುದಿಲ್ಲ ಎನ್ನುತ್ತದೆ. ಆದರೆ ಅದರ ನಲವತ್ತನೆಯ ಕಲಮು ಒಂದು ಸಣ್ಣ ಕಿಂಡಿ ಬಿಟ್ಟಿದೆ. ತನ್ನ ಜಮೀನು ಚೆನ್ನಾಗಿ ಅನುಭವಕ್ಕೆ ಬರಲೆಂದು ಪಕ್ಕದ ಜಮೀನನ್ನು ಇಂಥ ರೀತಿ ಬಳಸಕೂಡದೆಂದು ತಡೆಯುವ ಹಕ್ಕು ಒಬ್ಬನಿಗಿದ್ದರೆ, ಅದು ಗೊತ್ತಿದ್ದೂ ಕೊಂಡವನ ಮೇಲೆ ಆ ಹಕ್ಕನ್ನು ಚಲಾಯಿಸಬಹುದು. ಎಂದರೆ, ತಾಗಿಕೊಂಡಿರುವ ಹೊಲದವರು ಪರಸ್ಪರ ಬರೆದುಕೊಟ್ಟರೆ ಅದಕ್ಕೆ ಸ್ವಲ್ಪವಾದರೂ ಬಲವಿದೆ. ಅಮೆರಿಕದ ಪತ್ರದಷ್ಟು ಗಟ್ಟಿಯಲ್ಲ, ಭೂವ್ಯವಹಾರ ಬಲ್ಲ ಒಳ್ಳೆಯ ವಕೀಲರನ್ನು ಕೇಳದೆ ಮುಂದುವರಿಯಬೇಡ. ನಮ್ಮ ಊರಿನಲ್ಲಿ ಎರಡು ಮೂರು ಎಕರೆಯ ಹಿಡುವಳಿಗಳೇ ಹೆಚ್ಚು. ಇಲ್ಲಿ ಒಬ್ಬನ ಪತ್ರದಿಂದ ಏನೂ ಆಗದು, ಇಪ್ಪತ್ತು ಮನೆ ಒಟ್ಟಿಗೆ ಕೂರಬೇಕು.

ಕೂರಬಲ್ಲರು ಎನ್ನುವುದಕ್ಕೆ ನಮ್ಮ ದೇವನಹಳ್ಳಿ ತಾಲೂಕೇ ಸಾಕ್ಷಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ಜನ 1,777 ಎಕರೆ ಕೊಡುವುದಿಲ್ಲ ಎಂದು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈನಲ್ಲಿ ಸ್ವಾಧೀನ ಕೈಬಿಟ್ಟಿದ್ದೇವೆ ಎಂದು ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಅವರಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಪತ್ರ ಬರೆದವನಾಗಿ ಒಂದು ಮಾತು ಹೇಳಲೇಬೇಕು. ಅವರು ಬಿಡಿಸಿಕೊಂಡದ್ದು ಸರ್ಕಾರದ ಸ್ವಾಧೀನದಿಂದ. ಮನಸ್ಸಿದ್ದವರು ಕೊಡಬಹುದು ಎಂಬ ಬಾಗಿಲನ್ನು ಸರ್ಕಾರ ಆವತ್ತೇ ತೆರೆದಿಟ್ಟಿತು. ಭೂಸುಧಾರಣೆ ಕಾಯ್ದೆಗೆ 2020ರ ತಿದ್ದುಪಡಿ ಬಂದ ಮೇಲೆ ಬೇಸಾಯ ಗೊತ್ತಿಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಒಟ್ಟಾಗಿ ನಿಂತಾಗ ಉಳಿದ ನೆಲ ಒಬ್ಬೊಬ್ಬರೇ ಸಹಿ ಹಾಕಿದಾಗ ಹೋಗಿಬಿಡುತ್ತದೆ. ಧರಣಿಯ ಚಪ್ಪರ ಎದ್ದ ಮೇಲೂ ಉಳಿಯುವಂಥದ್ದು ನೋಂದಣಿಯಾದ ಕಾಗದ ಒಂದೇ. ಆ ಕಾಗದಕ್ಕೆ ಕಾನೂನಿನ ಬಲ ಬೇಕು, ಹಿಂದೆ ಒಂದು ನಿಧಿ ಬೇಕು. ಒಂದೊಂದು ಎಕರೆ ಹೊಲ ಲೇಔಟಾಗುವಾಗಲೂ ಸರ್ಕಾರಕ್ಕೆ ಭೂಪರಿವರ್ತನೆ ಶುಲ್ಕ ಬರುತ್ತದೆ. ಅದರಲ್ಲಿ ಒಂದು ಪಾಲನ್ನು ಉಳಿಸಲು ಒಪ್ಪಿದ ರೈತನ ಎಂಟನೆಯ ಎಳೆಯನ್ನು ಕೊಳ್ಳುವುದಕ್ಕೆ ತೆಗೆದಿಡಿ ಎಂದು ಕೇಳುವುದು ನ್ಯಾಯ. ನಗರಕ್ಕೆ ಅನ್ನ, ಹಾಲು, ಇಂಗುವ ನೀರು ಬೇಕಾದರೆ ಅದರ ಖರ್ಚನ್ನು ರೈತನೊಬ್ಬನೇ ಬಡತನದಲ್ಲಿ ಉಳಿದು ತೆರಬಾರದು. ಇದನ್ನು ಕೇಳುವ ವಯಸ್ಸು ನಿನ್ನದು. ನನ್ನದು ಬರೆದುಕೊಡುವ ವಯಸ್ಸು. ಅರ್ಜಿಯನ್ನು ನಾನು ಬರೆದುಕೊಡುತ್ತೇನೆ.

ನಿನ್ನ ಕರಡಿನ ಹತ್ತೊಂಬತ್ತನೆಯ ಪುಟದಲ್ಲಿ ಜಿಪಿಎ, ಅಂದರೆ ನಿನ್ನ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಇದೆ, ಗಮನಿಸಿದೆಯಾ? ಅದಕ್ಕೆ ಸಹಿ ಬಿದ್ದ ದಿನ ಎಂಟು ಎಳೆಗಳೂ ಅವರ ಕೈಗೆ ಹೋದಂತೆ. ಕಟ್ಟಡ ಏಳಲಿ ಬಿಡಲಿ, ನಿನ್ನ ಮಾತು ಅಲ್ಲಿಗೆ ಮುಗಿಯಿತು. ನಿನ್ನ ಅಕ್ಕನ ಹೆಸರಿನ ಮುಂದೆ ಸಹಿಗೆ ಗೆರೆ ಎಳೆದಿದ್ದಾರೆ. ಅವಳ ಹತ್ತಿರ ಈ ವಿಷಯ ಯಾರಾದರೂ ಕೂತು ಮಾತಾಡಿದ್ದೀರಾ? ಅವಳಿಗೂ ನಿನ್ನಷ್ಟೇ ಪಾಲಿದೆ. ನನಗೆ ತಿಳಿದ ಮಟ್ಟಿಗೆ ಆ ಜಮೀನಿನಲ್ಲಿ ಕೈಕಾಲಿಗೆ ಮಣ್ಣು ಮಾಡಿಕೊಂಡು ಬೆಳೆದವಳು ಅವಳೇ, ಚಕ್ಕೋತದ ಗಿಡಕ್ಕೆ ಬಿಂದಿಗೆಯಲ್ಲಿ ನೀರು ಹೊತ್ತವಳೂ ಅವಳೇ. ಹೆಣ್ಣುಮಕ್ಕಳ ಸಹಿಯನ್ನು ಕೊನೆಯ ದಿನ ಕಚೇರಿಯ ಮೆಟ್ಟಿಲ ಮೇಲೆ ಹಾಕಿಸಿಕೊಳ್ಳುವ ಪದ್ಧತಿಗೆ ನಾನು ನಲವತ್ತು ವರ್ಷ ಸಾಕ್ಷಿಯಾಗಿದ್ದೇನೆ, ಅದು ತಪ್ಪು. ನೆಲ ಉಳಿಸುವುದೋ ಬಿಡುವುದೋ, ಆ ತೀರ್ಮಾನ ಇಬ್ಬರೂ ಕೂತು ಆಗಬೇಕು.

ಬರುವ ಭಾನುವಾರ ಅವಳನ್ನೂ ಕರೆದುಕೊಂಡು ಬಾ. ಪಹಣಿ, ಗ್ರಾಮ ನಕ್ಷೆ ತೆಗೆದಿಟ್ಟಿರುತ್ತೇನೆ. ಪಕ್ಕದ ಮೂರು ಹೊಲದವರಿಗೂ ಹೇಳಿ ಕಳಿಸಿದ್ದೇನೆ, ಬರುತ್ತೇವೆ ಅಂದಿದ್ದಾರೆ. ಅಲ್ಲಿಯವರೆಗೆ ಯಾರ ಕೈಯಿಂದಲೂ ಟೋಕನ್ ದುಡ್ಡು ಮುಟ್ಟಬೇಡ. ನಿನ್ನ ಕರಡು ನನ್ನ ಟ್ರಂಕಿನಲ್ಲಿದೆ, ಮುತ್ತಾತನ ಫಾರಂ 10ರ ಪಕ್ಕದಲ್ಲಿ.